ಸಕ್ಕರೆ ಕಾಯಿಲೆ ಮತ್ತು ಮಲೆನಾಡಿನ ಊಟದ ತಟ್ಟೆ



ಆರೋಗ್ಯ ಸಂವಾದ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ನಾವು ಕೊಪ್ಪಕ್ಕೆ ಹೋಗಿದ್ದೆವು. ವೇದಿಕೆಯ ಮೇಲೆ ವೈದ್ಯರು, ಎದುರಿಗೆ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಿಂದ ಬಂದ ವಿದ್ಯಾರ್ಥಿಗಳು. ಮಧುಮೇಹದ ಕಾರಣ, ಲಕ್ಷಣ, ಪರೀಕ್ಷೆ ಎಲ್ಲವೂ ಕ್ರಮವಾಗಿ ಬಂದು ಹೋದವು. ಕೊನೆಗೆ ಪಿ.ಯು.ಸಿ. ಓದುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸಾರ್, ನಮ್ಮ ಅಜ್ಜಯ್ಯನಿಗೆ ಸಕ್ಕರೆ ಕಾಯಿಲೆ. ಅನ್ನ ಬಿಡಿ ಅಂತ ಎಲ್ಲರೂ ಹೇಳ್ತಾರೆ. ನಮ್ಮ ಮನೇಲಿ ಬೆಳಿಗ್ಗೆ ಕಡುಬು, ಮಧ್ಯಾಹ್ನ ಅನ್ನ, ಸಂಜೆ ಅವಲಕ್ಕಿ, ರಾತ್ರಿ ಮತ್ತೆ ಅನ್ನ. ಅನ್ನ ಬಿಟ್ಟರೆ ಅವರು ಏನು ತಿನ್ನಬೇಕು?"

ಸಭೆಯಲ್ಲಿ ನಗು ಎದ್ದಿತು. ವೈದ್ಯರು ಮಾತ್ರ ನಗಲಿಲ್ಲ. "ಇವತ್ತಿನ ಮುಖ್ಯವಾದ ಪ್ರಶ್ನೆ ಇದೇ" ಎಂದರು. ಆದರೆ ಕಾರ್ಯಕ್ರಮದ ಅವಧಿ ಮುಗಿಯುತ್ತಾ ಬಂದಿತ್ತು. ಅವರು ನಾಲ್ಕು ಮಾತಿನಲ್ಲಿ ಹೇಳಿದ್ದನ್ನು ಈ ಪುಟಗಳಲ್ಲಿ ಸ್ವಲ್ಪ ವಿಸ್ತಾರವಾಗಿ ನಿಮ್ಮ ಮುಂದಿಡುತ್ತಿದ್ದೇನೆ. ವಿಜ್ಞಾನ ಓದಿದವನು ಎಂಬ ಕಾರಣಕ್ಕೆ ಮಾತ್ರವಲ್ಲ. ನನ್ನ ಅಪ್ಪಯ್ಯನೂ ಇದೇ ಸೀಮೆಯವರು, ಅವರಿಗೂ ಇದೇ ಕಾಯಿಲೆ ಇತ್ತು, ಈ ಪ್ರಶ್ನೆಗೆ ಉತ್ತರ ತಿಳಿಯದೆ ನಮ್ಮ ಮನೆಯಲ್ಲಿ ಒಮ್ಮೆ ದೊಡ್ಡ ಅನಾಹುತವೇ ಆಗುವುದರಲ್ಲಿತ್ತು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಇಡೀ ರಕ್ತದಲ್ಲಿ ಒಂದು ಚಮಚ

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಆರೋಗ್ಯವಂತರ ರಕ್ತವನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಪರೀಕ್ಷಿಸಿದರೆ 100 ಮಿಲಿಲೀಟರಿನಲ್ಲಿ ಇರುವ ಗ್ಲೂಕೋಸ್ 100 ಮಿಲಿಗ್ರಾಂಗಿಂತ ಕಡಿಮೆ. ಲೆಕ್ಕದ ಅನುಕೂಲಕ್ಕೆ ನೂರು ಎಂದೇ ಇಟ್ಟುಕೊಳ್ಳಿ. ಹಾಗಾದರೆ ಒಂದು ಲೀಟರಿಗೆ ಒಂದು ಗ್ರಾಂ, ಐದು ಲೀಟರಿಗೆ 5 ಗ್ರಾಂ. ಅಂದರೆ ನಮ್ಮ ದೇಹದ ಇಡೀ ರಕ್ತದಲ್ಲಿ ಕರಗಿರುವ ಸಕ್ಕರೆ ಸುಮಾರು ಒಂದು ಟೀ ಚಮಚದಷ್ಟು.

ಅದೇ ಪರೀಕ್ಷೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು ಬಂದು, ಮತ್ತೊಮ್ಮೆ ಪರೀಕ್ಷಿಸಿದಾಗಲೂ ಹಾಗೆಯೇ ಇದ್ದರೆ ಅದನ್ನು ಮಧುಮೇಹವೆಂದು ವೈದ್ಯರು ಗುರುತಿಸುತ್ತಾರೆ. 200 ಇದ್ದರೆ ಇಡೀ ರಕ್ತದಲ್ಲಿ ಎರಡು ಚಮಚ ಸಕ್ಕರೆ ಇದೆ ಎಂದು ಅರ್ಥ. ಆರೋಗ್ಯಕ್ಕೂ ಕಾಯಿಲೆಗೂ ನಡುವಿನ ಅಂತರ ಒಂದು ಚಮಚ!

ಈಗ ಊಟದ ಕಡೆ ಬನ್ನಿ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದೆ. ಪಿಷ್ಟವೆಂದರೆ ಗ್ಲೂಕೋಸ್ ಅಣುಗಳನ್ನು ಪೋಣಿಸಿದ ಉದ್ದನೆಯ ಸರ. ಬಾಯಿಯ ಜೊಲ್ಲು ಮತ್ತು ಕರುಳಿನ ಕಿಣ್ವಗಳು ಆ ಸರವನ್ನು ಕಡಿದು ಬಿಡಿ ಮಣಿಗಳನ್ನಾಗಿ ಮಾಡುತ್ತವೆ. ನೂರು ಗ್ರಾಂ ಅಕ್ಕಿಯ ಅನ್ನ ಉಂಡವರ ರಕ್ತಕ್ಕೆ ಮುಂದಿನ ಎರಡು ಮೂರು ಗಂಟೆಗಳಲ್ಲಿ ಸುಮಾರು ಹದಿನೈದು ಚಮಚದಷ್ಟು ಗ್ಲೂಕೋಸ್ ಬಂದು ಸೇರುತ್ತದೆ. ಒಂದು ಚಮಚ ಇರಬೇಕಾದ ಕಡೆ ಹದಿನೈದು ಚಮಚ! ಆದರೂ ಆರೋಗ್ಯವಂತರಲ್ಲಿ ರಕ್ತದ ಸಕ್ಕರೆ ಸ್ವಲ್ಪವೇ ಏರಿ ಮತ್ತೆ ಇಳಿಯುತ್ತದೆ. ಈ ಕೆಲಸವನ್ನು ಮಾಡಿಸುವುದು ಇನ್ಸುಲಿನ್.

ತೂಬು ತೆರೆಯುವ ಕೆಲಸ

ಹೊಟ್ಟೆಯ ಹಿಂಭಾಗದಲ್ಲಿ ಮೇದೋಜೀರಕ ಗ್ರಂಥಿ ಇದೆ. ಅದರಲ್ಲಿರುವ ಬೀಟಾ ಜೀವಕೋಶಗಳು ಇನ್ಸುಲಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ನಮ್ಮ ಗದ್ದೆಗಳನ್ನು ನೆನಪಿಸಿಕೊಳ್ಳಿ. ಕಾಲುವೆಯಲ್ಲಿ ನೀರು ಬಂದರೆ ಸಾಲದು, ತೂಬು ತೆರೆದರೆ ಮಾತ್ರ ಗದ್ದೆಗೆ ನೀರು ಹರಿಯುತ್ತದೆ. ರಕ್ತನಾಳವನ್ನು ಕಾಲುವೆ ಎಂದೂ ಸ್ನಾಯು ಮತ್ತು ಯಕೃತ್ತಿನ ಜೀವಕೋಶಗಳನ್ನು ಗದ್ದೆ ಎಂದೂ ಭಾವಿಸಿದರೆ, ತೂಬು ತೆರೆಯುವವನೇ ಇನ್ಸುಲಿನ್. ಒಳಹೋದ ಗ್ಲೂಕೋಸ್ ಶಕ್ತಿಯಾಗಿ ಬಳಕೆಯಾಗುತ್ತದೆ. ಉಳಿದದ್ದು ಗ್ಲೈಕೋಜನ್ ರೂಪದಲ್ಲಿ ಶೇಖರವಾಗುತ್ತದೆ. ಅದಕ್ಕೂ ಜಾಗವಿಲ್ಲದಿದ್ದರೆ ಕೊಬ್ಬಾಗಿ ಬದಲಾಗುತ್ತದೆ.

ಮೊದಲನೆಯ ಬಗೆಯ ಮಧುಮೇಹದಲ್ಲಿ ತೂಬು ತೆರೆಯುವವನೇ ಇಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಬೀಟಾ ಜೀವಕೋಶಗಳನ್ನು ನಾಶಮಾಡಿರುತ್ತದೆ. ಇದು ಹೆಚ್ಚಾಗಿ ಮಕ್ಕಳಲ್ಲಿ ಮತ್ತು ಯುವಕರಲ್ಲಿ ಕಾಣಿಸಿಕೊಳ್ಳುತ್ತದೆ. ಎರಡನೆಯ ಬಗೆಯಲ್ಲಿ ತೂಬಿಗೆ ತುಕ್ಕು ಹಿಡಿದಿದೆ. ಒಬ್ಬ ತೆರೆಯುತ್ತಿದ್ದ ಕಡೆ ಮೂವರು ಬೇಕಾಗುತ್ತದೆ. ವರ್ಷಗಟ್ಟಲೆ ಹೀಗೆ ದುಡಿದು ಕೊನೆಗೆ ಗ್ರಂಥಿಯೂ ಸೋಲುತ್ತದೆ. ನಮ್ಮ ಹಿರಿಯರಲ್ಲಿ ಕಾಣುವುದು ಬಹುಮಟ್ಟಿಗೆ ಈ ಎರಡನೆಯ ಬಗೆ.

ರಕ್ತದ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದರೆ ಮೂತ್ರಪಿಂಡಗಳು ಅದನ್ನು ಹಿಡಿದಿಡಲಾರವು. ಸಕ್ಕರೆ ಮೂತ್ರದಲ್ಲಿ ಹೊರಬೀಳುತ್ತದೆ, ಜೊತೆಗೆ ನೀರನ್ನೂ ಎಳೆದೊಯ್ಯುತ್ತದೆ. ಪದೇ ಪದೇ ಮೂತ್ರ, ಬಾಯಾರಿಕೆ, ಆಯಾಸ ಇವುಗಳಿಗೆ ಕಾರಣ ಇದೇ. ನಮ್ಮ ಪ್ರಾಚೀನ ವೈದ್ಯರು ಇಂತಹ ಮೂತ್ರಕ್ಕೆ ಇರುವೆ ಮುತ್ತುವುದನ್ನು ಗಮನಿಸಿದ್ದರು. ಚರಕ, ಸುಶ್ರುತ ಸಂಹಿತೆಗಳಲ್ಲಿ ಬರುವ 'ಮಧುಮೇಹ' ಎಂಬ ಹೆಸರಿನ ಅರ್ಥವೇ ಜೇನಿನಂತಹ ಮೂತ್ರ ಎಂದು.

ಈ ಒಂದು ಚಮಚ ಹೆಚ್ಚುವರಿ ಸಕ್ಕರೆ ತಕ್ಷಣ ನೋವು ಕೊಡುವುದಿಲ್ಲ. ಅಪಾಯವಿರುವುದು ಅಲ್ಲಿಯೇ. ಹತ್ತಾರು ವರ್ಷ ಸದ್ದಿಲ್ಲದೆ ಅದು ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡ, ಪಾದದ ನರಗಳು, ಹೃದಯದ ರಕ್ತನಾಳಗಳನ್ನು ಕೆಡಿಸುತ್ತದೆ. ಕಾಲಿನ ಸ್ಪರ್ಶಜ್ಞಾನ ಹೋದವರಿಗೆ ಬರಿಗಾಲಿನಲ್ಲಿ ತೋಟಕ್ಕೆ ಹೋದಾಗ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ ದೇಶದಾದ್ಯಂತ 1,13,043 ಜನರನ್ನು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿತು. ಅದರ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ನಿಮ್ಮ ತರಗತಿಯ ಅರ್ಧ ಬೆಂಚುಗಳ ಮನೆಗಳಲ್ಲಾದರೂ ಈ ಕಾಯಿಲೆಯ ಮಾತು ಬಂದಿರಲೇಬೇಕು.

ಒಂದೇ ಅಕ್ಕಿ, ನಾಲ್ಕು ವೇಷ

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ತುಂಗೆಯ ದಡದ ಶೃಂಗೇರಿಯಿರಲಿ, ಭದ್ರೆಯ ಕಡೆಯ ನರಸಿಂಹರಾಜಪುರವಿರಲಿ, ನಡುವಿನ ಕೊಪ್ಪವಿರಲಿ, ಮೂರೂ ಕಡೆ ಅಡಿಗೆಮನೆಯ ರಾಜ ಅಕ್ಕಿ. ಕಡುಬು, ಅಕ್ಕಿರೊಟ್ಟಿ, ನೀರುದೋಸೆ, ಒತ್ತುಶ್ಯಾವಿಗೆ, ಅವಲಕ್ಕಿ, ಮಂಡಕ್ಕಿ, ಗಂಜಿ, ಅನ್ನ. ಹೆಸರು ಬೇರೆ ಬೇರೆ. ಹೊಟ್ಟೆಗೆ ಹೋದ ಮೇಲೆ ಎಲ್ಲವೂ ಗ್ಲೂಕೋಸೇ. "ಅಜ್ಜಯ್ಯ ರಾತ್ರಿ ಅನ್ನ ಬಿಟ್ಟಿದ್ದಾರೆ, ಮೂರು ಅಕ್ಕಿರೊಟ್ಟಿ ಮಾತ್ರ ತಿನ್ನುತ್ತಾರೆ" ಎಂದು ಹೇಳುವ ಮನೆಗಳನ್ನು ನಾನು ಕಂಡಿದ್ದೇನೆ. ಅಕ್ಕಿ ವೇಷ ಬದಲಿಸಿದೆ ಅಷ್ಟೆ, ಮನೆಯಿಂದ ಹೊರಗೆ ಹೋಗಿಲ್ಲ.

ಹಾಗಾದರೆ ನಮ್ಮ ಹಿಂದಿನವರು ಇದೇ ಅಕ್ಕಿಯನ್ನು ಉಂಡು ಹೇಗೆ ಬದುಕಿದರು? ಅವರು ನಾಟಿಗೆ, ಕೊಯ್ಲಿಗೆ, ಸೊಪ್ಪು ಹೊರಲು, ಸಂತೆಗೆ ಹೋಗಿಬರಲು ದಿನವಿಡೀ ದೇಹ ದಂಡಿಸುತ್ತಿದ್ದರು. ದುಡಿಯುವ ಸ್ನಾಯುವಿಗೆ ಒಂದು ವಿಶೇಷ ಶಕ್ತಿಯಿದೆ. ಅದು ಹೆಚ್ಚು ಇನ್ಸುಲಿನ್ನಿಗೆ ಕಾಯದೆ ತಾನೇ ರಕ್ತದಿಂದ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ಇಂದು ತೋಟಕ್ಕೂ ಬೈಕಿನಲ್ಲೇ ಹೋಗುತ್ತೇವೆ. ಬಡಿಸುವ ಸೌಟು ಮಾತ್ರ ಹಳೆಯದೇ ಉಳಿದಿದೆ.

ಆದ್ದರಿಂದ ವೈದ್ಯರು ಆ ಹುಡುಗಿಗೆ ಕೊಟ್ಟ ಉತ್ತರ ಹೀಗಿತ್ತು: "ಅನ್ನ ಬಿಡಬೇಕಾಗಿಲ್ಲ ಮಗಳೇ, ಅನ್ನ ತಟ್ಟೆಯ ತುಂಬ ಇರಬಾರದು. ಕಾಲು ಭಾಗ ಸಾಕು."

ತಟ್ಟೆಯನ್ನು ನಾಲ್ಕು ಭಾಗ ಮಾಡಿ

ದೊಡ್ಡ ಹರಿವಾಣವಲ್ಲ, ಮಧ್ಯಮ ಗಾತ್ರದ ಊಟದ ತಟ್ಟೆಯನ್ನು ತೆಗೆದುಕೊಳ್ಳಿ. ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿ.

ಎರಡು ಭಾಗ, ಅಂದರೆ ಅರ್ಧ ತಟ್ಟೆ, ತರಕಾರಿ ಮತ್ತು ಸೊಪ್ಪು. ಮಲೆನಾಡಿನಲ್ಲಿ ಇದಕ್ಕೇನು ಬರ? ಬಸಳೆ, ಹರಿವೆ, ಸೌತೆ, ಹೀರೆ, ತೊಂಡೆ, ಬೆಂಡೆ, ಹಾಗಲ, ಬಾಳೆದಿಂಡು, ಬಾಳೆಹೂವು, ಕೆಸುವಿನ ಸೊಪ್ಪು, ಒಂದೆಲಗದ ತಂಬುಳಿ ಎಲ್ಲವೂ ಹಿತ್ತಿಲಲ್ಲೇ ಸಿಗುತ್ತವೆ. ಇವುಗಳಲ್ಲಿ ಪಿಷ್ಟ ಕಡಿಮೆ, ನಾರಿನಂಶ ಹೆಚ್ಚು. ನಾರು ಕರುಳಿನಲ್ಲಿ ಗ್ಲೂಕೋಸಿನ ಓಟಕ್ಕೆ ತಡೆ ಹಾಕಿ ಅದು ನಿಧಾನವಾಗಿ ರಕ್ತ ಸೇರುವಂತೆ ಮಾಡುತ್ತದೆ. ಆದರೆ ಆಲೂಗಡ್ಡೆ, ಗೆಣಸು, ಸುವರ್ಣಗಡ್ಡೆ, ಕೆಸುವಿನ ಗಡ್ಡೆಗಳನ್ನು ಪಲ್ಯವೆಂದು ಲೆಕ್ಕ ಹಾಕಬೇಡಿ. ಅವು ಅನ್ನದ ಪಂಕ್ತಿಗೆ ಸೇರಿದವು.

ಒಂದು ಭಾಗ ಸಸಾರಜನಕ. ಹೆಸರುಕಾಳು, ಹುರುಳಿ, ಅಲಸಂದೆ, ಕಡಲೆ, ತೊಗರಿಬೇಳೆಯ ಗಟ್ಟಿ ಹುಳಿ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ನಮ್ಮ ಕಡೆಯ ತೆಳುಸಾರಿನಲ್ಲಿ ಬೇಳೆ ಹುಡುಕಿದರೂ ಸಿಗುವುದಿಲ್ಲ. ಅದನ್ನು ಈ ಭಾಗಕ್ಕೆ ಲೆಕ್ಕ ಹಿಡಿಯುವಂತಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಬೇಳೆಕಾಳುಗಳ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಉಳಿದ ಒಂದು ಭಾಗ ಅನ್ನ, ಅಥವಾ ರೊಟ್ಟಿ, ಅಥವಾ ಕಡುಬು. ಇವುಗಳಲ್ಲಿ ಯಾವುದಾದರೂ ಒಂದು, ಎಲ್ಲವೂ ಅಲ್ಲ. 150 ಗ್ರಾಂ ಬೆಂದ ಅನ್ನದಲ್ಲಿ ಸುಮಾರು 42 ಗ್ರಾಂ ಶರ್ಕರಪಿಷ್ಟ ಇರುತ್ತದೆ. ಹೆಚ್ಚಿನ ಹಿರಿಯರಿಗೆ ಒಂದು ಹೊತ್ತಿಗೆ ಇಷ್ಟು ಸಾಕಾಗುತ್ತದೆ. ಯಾರಿಗೆ ಎಷ್ಟು ಎಂಬುದು ಅವರ ತೂಕ, ಕೆಲಸ ಮತ್ತು ಔಷಧಿಗಳನ್ನು ಅವಲಂಬಿಸಿದೆ.

ತಿನ್ನುವ ಕ್ರಮವೂ ಮುಖ್ಯ. ತರಕಾರಿ, ಬೇಳೆಗಳನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ಉಂಡರೆ ಊಟದ ನಂತರದ ಸಕ್ಕರೆಯ ಏರಿಕೆ ಕಡಿಮೆಯಾಗುತ್ತದೆ ಎಂದು ಇತ್ತೀಚಿನ ಪ್ರಯೋಗಗಳು ತೋರಿಸಿವೆ. ಮದುವೆ ಮನೆಯ ಬಾಳೆಯೆಲೆಯನ್ನು ನೆನಪು ಮಾಡಿಕೊಳ್ಳಿ. ಮೊದಲು ಬೀಳುವುದು ಕೋಸಂಬರಿ, ಪಲ್ಯ. ಅನ್ನ ಬರುವುದು ಆಮೇಲೆ. ನಾವು ಮಾಡುವ ತಪ್ಪೆಂದರೆ ಅನ್ನ ಬರುವ ತನಕ ಕೈಕಟ್ಟಿ ಕೂರುವುದು, ಕೋಸಂಬರಿಯನ್ನು ನಂಜಿಕೊಳ್ಳಲು ಮಾತ್ರ ಬಳಸುವುದು. ಎಲೆಯ ಕ್ರಮದಲ್ಲೇ ಊಟವನ್ನೂ ಮಾಡಿದರೆ ಅರ್ಧ ಕೆಲಸ ಆದಂತೆ.

ಗಂಜಿ, ರಾಗಿ, ಬೆಲ್ಲ, ಹಲಸು: ಕೆಲವು ಸಂದೇಹಗಳು

ಕಾರ್ಯಕ್ರಮದಲ್ಲಿ ಬಂದ ಇತರ ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತಿದ್ದೇನೆ.

ಗಂಜಿ ಹಗುರ ಆಹಾರವಲ್ಲವೇ? ಜೀರ್ಣಕ್ಕೆ ಹಗುರ ಎನ್ನುವುದು ನಿಜ. ಆದರೆ ಚೆನ್ನಾಗಿ ಬೆಂದು ಕರಗಿದ ಪಿಷ್ಟ ಬಹುಬೇಗ ಗ್ಲೂಕೋಸ್ ಆಗುತ್ತದೆ. ಒಂದು ಆಹಾರ ಎಷ್ಟು ಬೇಗ ರಕ್ತದ ಸಕ್ಕರೆಯನ್ನು ಏರಿಸುತ್ತದೆ ಎಂಬುದನ್ನು ಅಳೆಯಲು ಗ್ಲೈಸೀಮಿಕ್ ಸೂಚ್ಯಂಕ ಎಂಬ ಅಳತೆಯಿದೆ. ಕೆನಡಾದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಜಾರಿಗೆ ತಂದರು. ಗ್ಲೂಕೋಸಿಗೆ 100 ಎಂದು ಇಟ್ಟುಕೊಂಡು ಬೇರೆ ಆಹಾರಗಳನ್ನು ಅದಕ್ಕೆ ಹೋಲಿಸುತ್ತಾರೆ. ಕಾಳುಗಳ ಸೂಚ್ಯಂಕ ಕಡಿಮೆ, ಬಿಳಿ ಅಕ್ಕಿಯದು ಹೆಚ್ಚು. ಕುಚ್ಚಲಕ್ಕಿಯದು ಸಾಮಾನ್ಯವಾಗಿ ಬೆಳ್ತಿಗೆ ಅಕ್ಕಿಗಿಂತ ಕಡಿಮೆ. ಹಾಗೆಂದು ಕುಚ್ಚಲಕ್ಕಿಯನ್ನು ಎರಡು ಪಟ್ಟು ಉಂಡರೆ ಲಾಭವೆಲ್ಲ ಹೋಯಿತು.

ರಾಗಿ ತಿಂದರೆ ಸಕ್ಕರೆ ಏರುವುದಿಲ್ಲವೇ? ಏರುತ್ತದೆ. 100 ಗ್ರಾಂ ರಾಗಿಯಲ್ಲೂ ಸುಮಾರು 70 ಗ್ರಾಂ ಶರ್ಕರಪಿಷ್ಟವಿದೆ. ಗೋಧಿಯೂ ಹೆಚ್ಚುಕಡಿಮೆ ಹಾಗೆಯೇ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶವಂತೂ ಬಹಳ ಹೆಚ್ಚು. ಆದ್ದರಿಂದ ಅದು ಒಳ್ಳೆಯ ಧಾನ್ಯ. ಆದರೆ ಅದು ಔಷಧಿಯಲ್ಲ. ಮುದ್ದೆಯ ಗಾತ್ರಕ್ಕೂ ಮಿತಿ ಬೇಕು. ನುಣ್ಣಗೆ ಕುದಿಸಿದ ರಾಗಿ ಗಂಜಿಗೆ ಗಂಜಿಯ ಗುಣವೇ ಬರುತ್ತದೆ.

ಸಕ್ಕರೆ ಬದಲು ಬೆಲ್ಲ ಹಾಕಬಹುದೇ? ಮಲೆನಾಡಿನಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಬೆಲ್ಲದ ಕಾಫಿ, ಬೆಲ್ಲ ಹಾಕಿದ ಸಾರು, ಗೊಜ್ಜು ನಮ್ಮ ನಾಲಿಗೆಗೆ ಹತ್ತಿದ ರುಚಿ. ಆದರೆ ಬೆಲ್ಲದ ಬಹುಭಾಗ ಸಕ್ಕರೆಯೇ. ಜೇನುತುಪ್ಪದಲ್ಲಿಯೂ ನೂರಕ್ಕೆ ಸುಮಾರು ಎಂಬತ್ತು ಭಾಗ ಸಕ್ಕರೆಯೇ. ಬಣ್ಣ ಬೇರೆ, ರಕ್ತಕ್ಕೆ ಭೇದ ತಿಳಿಯುವುದಿಲ್ಲ. ಕಾಫಿ ಬೇಡವೆಂದು ಯಾರೂ ಹೇಳುವುದಿಲ್ಲ, ಅದರೊಳಗಿನ ಬೆಲ್ಲವನ್ನು ದಿನದಿಂದ ದಿನಕ್ಕೆ ಇಳಿಸುತ್ತಾ ಬನ್ನಿ. ಮೂರು ನಾಲ್ಕು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ.

ಹಲಸಿನ ಹಣ್ಣು? ನಾಲ್ಕೈದು ಮಧ್ಯಮ ತೊಳೆಗಳು ಸುಮಾರು 100 ಗ್ರಾಂ ತೂಗುತ್ತವೆ. ಅದರಲ್ಲಿ ಸುಮಾರು 23 ಗ್ರಾಂ ಶರ್ಕರಪಿಷ್ಟ. ಎರಡು ತೊಳೆ ತಿನ್ನಬಹುದು, ಅಂದು ಅನ್ನ ಸ್ವಲ್ಪ ಕಡಿಮೆ ಮಾಡಿದರಾಯಿತು. ಕಷ್ಟವೆಂದರೆ ಹಲಸು ಒಡೆದ ಮನೆಯಲ್ಲಿ ಯಾರೂ ಎರಡಕ್ಕೆ ನಿಲ್ಲಿಸುವುದಿಲ್ಲ! ಎಳೆಯ ಹಲಸಿನ ಕಾಯಿಯ ವಿಷಯ ಬೇರೆ. ಅದರಲ್ಲಿ ಸಕ್ಕರೆ ಕಡಿಮೆ, ನಾರು ಹೆಚ್ಚು. ಆಂಧ್ರಪ್ರದೇಶದ ಶ್ರೀಕಾಕುಳಂನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಿನಕ್ಕೆ 30 ಗ್ರಾಂ ಹಲಸಿನ ಕಾಯಿಯ ಹಿಟ್ಟನ್ನು ಅಷ್ಟೇ ಅಕ್ಕಿ ಅಥವಾ ಗೋಧಿಯ ಬದಲಿಗೆ ಹನ್ನೆರಡು ವಾರ ಕೊಟ್ಟಾಗ ಸಕ್ಕರೆಯ ಮಟ್ಟ ಇಳಿದದ್ದು ಕಂಡುಬಂತು. ಭಾಗವಹಿಸಿದವರು ನಲವತ್ತು ಮಂದಿ ಮಾತ್ರ, ಅವರೆಲ್ಲ ತಮ್ಮ ಮಾತ್ರೆಗಳನ್ನೂ ಸೇವಿಸುತ್ತಿದ್ದರು ಎಂಬುದನ್ನು ಮರೆಯಬಾರದು. 'ಬದಲಿಗೆ' ಎಂಬ ಮಾತನ್ನೂ ಗಮನಿಸಿ, 'ಜೊತೆಗೆ' ಅಲ್ಲ.

ಹಾಗಲಕಾಯಿ, ಮೆಂತ್ಯ, ಮಧುನಾಶಿನಿ? ಮಧುನಾಶಿನಿಯ ಎಲೆಯನ್ನು ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದಂತೆ ಆಗುತ್ತದೆ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲ ನಾಲಿಗೆಯ ಸಿಹಿ ಗ್ರಹಿಸುವ ಶಕ್ತಿಯನ್ನು ಸ್ವಲ್ಪ ಹೊತ್ತು ಮುಚ್ಚಿಹಾಕುವುದೇ ಇದಕ್ಕೆ ಕಾರಣ. ನಾಲಿಗೆಯಲ್ಲಿ ಸಿಹಿ ಮಾಯವಾದರೆ ರಕ್ತದಲ್ಲೂ ಮಾಯವಾಯಿತೆಂದು ತಿಳಿಯಬಾರದು. ಹಾಗಲ, ಮೆಂತ್ಯಗಳನ್ನು ಆಹಾರವಾಗಿ ಧಾರಾಳವಾಗಿ ತಿನ್ನಿ. ಅವನ್ನು ನಂಬಿ ಮಾತ್ರೆ ನಿಲ್ಲಿಸುವುದು ಮಾತ್ರ ಅಪಾಯ.

ಎಲೆ ಅಡಿಕೆ? ಅಡಿಕೆ ನಮ್ಮ ಬದುಕು, ಬೆಳೆ. ಆದರೂ ಸತ್ಯ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಡಿಕೆ ಜಗಿಯುವುದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಸಕ್ಕರೆ ಕಾಯಿಲೆ ಇರುವವರ ವಸಡುಗಳು ಬೇಗ ಸೋಂಕಿಗೆ ತುತ್ತಾಗುತ್ತವೆ. ಅವರು ಇದನ್ನು ಬಿಡುವುದೇ ಒಳ್ಳೆಯದು.

ಏಕಾದಶಿಯ ಒಂದು ಮಧ್ಯಾಹ್ನ

ಈಗ ನಮ್ಮ ಮನೆಯ ಘಟನೆ. ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ಮನೆಯವರೆಲ್ಲ ಕಾವಲುಗಾರರಾದೆವು. ಎಲೆಯಿಂದ ಅನ್ನ ತೆಗೆದೆವು, ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೇರಿಸಿದೆವು. ಕಡಿಮೆ ತಿಂದಷ್ಟೂ ಒಳ್ಳೆಯದು ಎಂಬುದೇ ನಮಗೆ ತಿಳಿದಿದ್ದ ಶಾಸ್ತ್ರ.

ಒಂದು ಏಕಾದಶಿಯ ದಿನ ಅವರು ಉಪವಾಸವಿದ್ದರು. ಬೆಳಗಿನ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದ್ದರು. ಗ್ರಂಥಿಯಿಂದ ಹೆಚ್ಚು ಇನ್ಸುಲಿನ್ ಹೊರಡಿಸುವ ಬಗೆಯ ಮಾತ್ರೆ ಅದು. ಮಧ್ಯಾಹ್ನದ ಹೊತ್ತಿಗೆ ಜಗಲಿಯಲ್ಲಿ ಕುಳಿತಿದ್ದವರು ಬೆವರಿ ನೀರಾದರು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು, ನನ್ನ ಹೆಸರನ್ನೇ ತಪ್ಪಾಗಿ ಕರೆದರು. ನಾನು ವಿಜ್ಞಾನ ಪದವೀಧರ. ಉಪವಾಸದ ಸುಸ್ತು ಎಂದುಕೊಂಡು ಚಾಪೆ ಹಾಸಿ ಮಲಗಿಸಲು ಹೊರಟಿದ್ದೆ. ಪಕ್ಕದ ಮನೆಯ ದೊಡ್ಡಮ್ಮ ನೋಡಿದವರೇ, "ಮಲಗಿಸಬೇಡ, ಮೊದಲು ಸಕ್ಕರೆ ನೀರು ಕೊಡು" ಎಂದು ಗದರಿಸಿದರು. ಅವರ ಯಜಮಾನರಿಗೂ ಹಿಂದೆ ಹೀಗೆಯೇ ಆಗಿತ್ತಂತೆ. ಕಾಲು ಗಂಟೆಯಲ್ಲಿ ಅಪ್ಪಯ್ಯ ಸರಿಯಾದರು. ಅಂದು ದೊಡ್ಡಮ್ಮ ಬರದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ.

ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿಯುವುದನ್ನು ಸಕ್ಕರೆಯ ಕುಸಿತ ಎನ್ನುತ್ತೇವೆ. ನಮ್ಮ ಮಿದುಳು ದಿನವಿಡೀ ಗ್ಲೂಕೋಸನ್ನೇ ನೆಚ್ಚಿಕೊಂಡಿದೆ. ಅದು ಸಿಗದಿದ್ದರೆ ಗೊಂದಲ, ನಂತರ ಪ್ರಜ್ಞೆ ತಪ್ಪುವುದು, ಪ್ರಾಣಾಪಾಯ. ಏರಿದ ಸಕ್ಕರೆ ವರ್ಷಗಳಲ್ಲಿ ಮಾಡುವ ಕೇಡನ್ನು ಕುಸಿದ ಸಕ್ಕರೆ ಕೆಲವೇ ಹೊತ್ತಿನಲ್ಲಿ ಮಾಡಬಲ್ಲದು. ಆದ್ದರಿಂದ ಇದನ್ನು ಬಾಯಿಪಾಠ ಮಾಡಿ:

ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷ ಕಾಯಿರಿ. ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಏನಾದರೂ ಊಟ, ತಿಂಡಿ ಮಾಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಅದು ಶ್ವಾಸನಾಳಕ್ಕೆ ಹೋದೀತು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಕರೆ ಮಾಡಿ.

ಏಕಾದಶಿ, ನವರಾತ್ರಿಗಳಲ್ಲಿ ಉಪವಾಸ ಮಾಡಬೇಕೆನ್ನುವ ಹಿರಿಯರು ಮೊದಲೇ ವೈದ್ಯರನ್ನು ಕಂಡು ಮಾತ್ರೆ, ಇನ್ಸುಲಿನ್‌ಗಳ ಪ್ರಮಾಣವನ್ನು ಕೇಳಿಕೊಳ್ಳಬೇಕು. ಅದೇ ಉಪವಾಸದ ದಿನ ಅನ್ನದ ಬದಲು ಹೊಟ್ಟೆ ತುಂಬ ಅವಲಕ್ಕಿ, ಬಾಳೆಹಣ್ಣು, ಸಬ್ಬಕ್ಕಿ ಪಾಯಸ ತಿಂದರೆ ಸಕ್ಕರೆ ಮೇಲಕ್ಕೇರುತ್ತದೆ. ಎರಡೂ ಕಡೆ ಎಚ್ಚರ ಬೇಕು.

ಹಸಿವು ಚಿಕಿತ್ಸೆಯಲ್ಲ

ಇನ್ಸುಲಿನ್ ಸಿಗುವ ಮೊದಲು ವೈದ್ಯರ ಬಳಿ ಇದ್ದ ಅಸ್ತ್ರ ಉಪವಾಸವೊಂದೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಮೊದಲನೆಯ ಬಗೆಯ ಮಧುಮೇಹವಿದ್ದ ಮಕ್ಕಳನ್ನು ಅರೆಹೊಟ್ಟೆಯಲ್ಲಿ ಇಟ್ಟು ಕೆಲವು ತಿಂಗಳು, ಕೆಲವು ವರ್ಷ ಬದುಕಿಸುತ್ತಿದ್ದರು. ಅವರು ಮೂಳೆ ಚರ್ಮವಾಗಿ ಸಾಯುತ್ತಿದ್ದರು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್, ಮೆಕ್ಲಿಯಡ್ ಅವರ ಪ್ರಯೋಗಶಾಲೆಯಲ್ಲಿ ಇನ್ಸುಲಿನ್ ಪಡೆದರು. ಕಾಲಿಪ್ ಅದನ್ನು ಶುದ್ಧೀಕರಿಸಿದರು. 1922ರ ಜನವರಿಯಲ್ಲಿ ಅದನ್ನು ಮೊದಲು ಪಡೆದ ಲಿಯೊನಾರ್ಡ್ ಥಾಂಪ್ಸನ್ ನಿಮ್ಮದೇ ವಯಸ್ಸಿನವನು, ಹದಿನಾಲ್ಕು ವರ್ಷದ ಹುಡುಗ. ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14ನ್ನು ವಿಶ್ವ ಮಧುಮೇಹ ದಿನವಾಗಿ ಆಚರಿಸುತ್ತಾರೆ. ನಮಗೆ ಅದು ಮಕ್ಕಳ ದಿನಾಚರಣೆಯೂ ಹೌದು.

ನಿಮ್ಮ ತರಗತಿಯಲ್ಲೂ ಇನ್ಸುಲಿನ್ ಚುಚ್ಚಿಕೊಳ್ಳುವ ಸಹಪಾಠಿ ಇರಬಹುದು. ಅವನಿಗೆ ಕಾಯಿಲೆ ಬಂದದ್ದು ಸಿಹಿ ಹೆಚ್ಚು ತಿಂದದ್ದರಿಂದಲ್ಲ. ಪಥ್ಯವೊಂದರಿಂದಲೇ ಅದು ಹೋಗುವುದೂ ಇಲ್ಲ. ಒಂದು ದಿನವೂ ಇನ್ಸುಲಿನ್ ತಪ್ಪಿಸುವಂತಿಲ್ಲ. ಆಟದ ಪೀರಿಯಡ್ಡಿನಲ್ಲಿ ಅವನು ಬೆವರಿ ಮಂಕಾದರೆ ನಿಮ್ಮ ಜೇಬಿನ ಗ್ಲೂಕೋಸ್ ಪೊಟ್ಟಣ ಅವನ ಜೀವ ಉಳಿಸಬಹುದು.

ಅಳೆದು ನೋಡುವುದು

ಪಥ್ಯ ಫಲಿಸಿದೆಯೇ ಎಂದು ತಿಳಿಯಲು ಅಳತೆಯೊಂದೇ ದಾರಿ. ಎರಡನೆಯ ಬಗೆಯ ಮಧುಮೇಹವಿರುವ ಹೆಚ್ಚಿನವರಿಗೆ ಬರಿಹೊಟ್ಟೆಯಲ್ಲಿ 80ರಿಂದ 130, ಊಟವಾದ ಎರಡು ಗಂಟೆಗೆ 180ರ ಒಳಗೆ ಇರಬೇಕೆಂಬುದು ಸಾಮಾನ್ಯ ಗುರಿ. ಇದಲ್ಲದೆ ಎಚ್‌ಬಿಎ1ಸಿ ಎಂಬ ಪರೀಕ್ಷೆಯಿದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನ ಅದರ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡ ಸಕ್ಕರೆಯನ್ನು ಈ ಪರೀಕ್ಷೆ ಅಳೆಯುತ್ತದೆ. ಪರೀಕ್ಷೆಯ ಹಿಂದಿನ ಎರಡು ದಿನ ಮಾತ್ರ ಪಥ್ಯ ಮಾಡುವ ಹಿರಿಯರ ಗುಟ್ಟು ಇದರಲ್ಲಿ ಹೊರಬೀಳುತ್ತದೆ! ಹೆಚ್ಚಿನವರಿಗೆ ಶೇಕಡಾ 7ರ ಒಳಗೆ ಎಂಬುದು ಗುರಿ. ಬಹಳ ವಯಸ್ಸಾದವರಿಗೆ ವೈದ್ಯರು ಇದನ್ನು ಸಡಿಲಿಸುತ್ತಾರೆ. ಮೂವತ್ತು ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಾಷ್ಟ್ರೀಯ ಕಾರ್ಯಕ್ರಮದಡಿ ಸಕ್ಕರೆಯ ತಪಾಸಣೆ ನಡೆಯುತ್ತದೆ. ಆಶಾ ಕಾರ್ಯಕರ್ತೆಯರನ್ನು ಕೇಳಿ ತಿಳಿದುಕೊಳ್ಳಬಹುದು.

ನಡಿಗೆಯನ್ನು ಮರೆಯಬೇಡಿ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ಸ್ನಾಯುಗಳು ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಜೂನ್, ಜುಲೈನ ನಮ್ಮ ಮಳೆಯಲ್ಲಿ ನಡೆಯುವುದೆಲ್ಲಿ ಎಂದು ಕೇಳುತ್ತೀರಿ. ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯಬಹುದು. ಅಜ್ಜಯ್ಯನ ಜೊತೆ ನೀವೂ ನಡೆದರೆ ಅವರು ಬೇಸರಿಸುವುದಿಲ್ಲ.

ನಿಮಗೊಂದು ಮನೆಗೆಲಸ

ಒಂದು ಭಾನುವಾರ ನಿಮ್ಮ ಮನೆಯಲ್ಲಿ ತಿಂಡಿಗೂ ಊಟಕ್ಕೂ ಸೇರಿ ಎಷ್ಟು ಅಕ್ಕಿ ಖರ್ಚಾಯಿತೆಂದು ತೂಗಿ ಬರೆದಿಡಿ. ಉಂಡವರ ಸಂಖ್ಯೆಯಿಂದ ಭಾಗಿಸಿ. ಐದು ಜನರ ಮನೆಯಲ್ಲಿ ಒಂದೂವರೆ ಕಿಲೋ ಆದರೆ ತಲೆಗೆ 300 ಗ್ರಾಂ. ಅದರಲ್ಲಿ 234 ಗ್ರಾಂ ಪಿಷ್ಟ, ಅಂದರೆ ಸುಮಾರು 47 ಚಮಚ ಗ್ಲೂಕೋಸ್. ನಂತರ ಅದೇ ದಿನ ತಲೆಗೆ ಎಷ್ಟು ತರಕಾರಿ, ಎಷ್ಟು ಬೇಳೆಕಾಳು ಸಂದಿತೆಂದೂ ಲೆಕ್ಕ ಹಾಕಿ. ನಿಮ್ಮ ಮನೆಯ ಊಟದ ಚಿತ್ರ ಆ ಒಂದು ಹಾಳೆಯಲ್ಲಿ ಸಿಗುತ್ತದೆ. ಪೇಟೆಯಲ್ಲಿ ನೀವು ಕುಡಿಯುವ 300 ಮಿಲಿಲೀಟರ್ ತಂಪು ಪಾನೀಯದಲ್ಲಿ ಸುಮಾರು ಆರು ಚಮಚ ಸಕ್ಕರೆ ಇರುತ್ತದೆ. ಅದನ್ನೂ ಹಾಳೆಯಲ್ಲಿ ಸೇರಿಸಲು ಮರೆಯಬೇಡಿ.

ಇನ್ನೊಂದು ಮಾತು. ಕಾಯಿಲೆಯವರಿಗೆ ಬೇರೆ ಅಡಿಗೆ ಮಾಡಬೇಡಿ. ಒಬ್ಬರೇ ಮೂಲೆಯಲ್ಲಿ ಕುಳಿತು ಸಪ್ಪೆ ಊಟ ಮಾಡಬೇಕಾದರೆ ಎಂತಹವರೂ ಅಟ್ಟದ ಬೆಲ್ಲದ ಡಬ್ಬಿಯನ್ನು ಹುಡುಕುತ್ತಾರೆ. ಅರ್ಧ ತಟ್ಟೆ ತರಕಾರಿ, ಕಾಲು ತಟ್ಟೆ ಕಾಳು, ಕಾಲು ತಟ್ಟೆ ಅನ್ನ ಎನ್ನುವುದು ಮನೆಯ ಎಲ್ಲರಿಗೂ ಒಳ್ಳೆಯ ಊಟ. ಬೆಳೆಯುವ ವಯಸ್ಸಿನ ನೀವು, ಗದ್ದೆಯಲ್ಲಿ ದುಡಿಯುವವರು ಅನ್ನವನ್ನು ಇನ್ನೊಮ್ಮೆ ಹಾಕಿಸಿಕೊಳ್ಳಬಹುದು, ಅಷ್ಟೇ ವ್ಯತ್ಯಾಸ.

ಚಿತ್ರೀಕರಣ ಮುಗಿದು ನಾವು ಕ್ಯಾಮೆರಾ ಕಟ್ಟುತ್ತಿದ್ದಾಗ ಆ ಹುಡುಗಿ ಮತ್ತೆ ಬಂದಳು. "ಹಾಗಾದರೆ ಅಜ್ಜಯ್ಯ ನಾಳೆ ಬೆಳಿಗ್ಗೆ ಒಂದು ಕಡುಬು ತಿನ್ನಬಹುದಾ ಸಾರ್?" ಎಂದು ಕೇಳಿದಳು. "ಒಂದು ತಿನ್ನಲಿ, ಜೊತೆಗೆ ದೊಡ್ಡ ಬಟ್ಟಲು ಹೆಸರುಕಾಳಿನ ಪಲ್ಯ ಇರಲಿ. ಮಾತ್ರೆ ತಪ್ಪಿಸದಿರಲಿ" ಎಂದರು ವೈದ್ಯರು. ಅದನ್ನು ಅವಳು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಬಸ್ಸಿಗೆ ಓಡಿದಳು.